ಮಾತ್ರೆ ಎಲ್ಲಿ ಇಡ್ತೀರಿ?

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಬ್ಬರನ್ನು ಇಲ್ಲಿ ಮೇಷ್ಟ್ರು ಅಂತ ಕರೆಯುತ್ತೇನೆ. ನಿಜದಲ್ಲಿ ಅವರು ಪಾಠ ಹೇಳುವವರಲ್ಲ. ಗುರುತು ಸಿಗಬಾರದೆಂದು ಕೆಲಸ, ವಯಸ್ಸು, ಮನೆಯ ಕೆಲವು ವಿವರ ಎಲ್ಲ ಬದಲಿಸಿದ್ದೇನೆ. ಆದರೆ ಅವರು ಒಂದು ನೋಟ್‌ಬುಕ್ ತಂದಿದ್ದರು. ಅದರಲ್ಲಿ ಹದಿನಾಲ್ಕು ಪ್ರಶ್ನೆ. ಪ್ರತಿಯೊಂದಕ್ಕೂ ನಂಬರ್, ಕೆಳಗೆ ಉತ್ತರ ಬರೆದುಕೊಳ್ಳಲು ನಾಲ್ಕು ಗೆರೆ ಜಾಗ. ಹಾಗಾಗಿ ಈ ಹೆಸರು.

ಸುಮಾರು ಎರಡು ವರ್ಷದ ಹಿಂದೆ ಬೇರೇನೋ ಕಾರಣಕ್ಕೆ ಅವರು ರಕ್ತ ಪರೀಕ್ಷೆ ಮಾಡಿಸಿದ್ದರು. 11 ಸಾವಿರದ ಒಳಗಿರಬೇಕಾದ ಬಿಳಿ ರಕ್ತಕಣ ಒಂದು ಲಕ್ಷ ದಾಟಿತ್ತು. ಸಿಎಂಎಲ್ ಅಂದರು. ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್ ಇದು. ಅಂದಿನಿಂದ ದಿನಕ್ಕೊಂದು ಇಮಾಟಿನಿಬ್ ಮಾತ್ರೆ. ರಕ್ತದಲ್ಲಿ ಕಾಯಿಲೆ ಇನ್ನೂ ಎಷ್ಟು ಉಳಿದಿದೆ ಅಂತ ಅಳೆಯುವ ಪಿಸಿಆರ್ ಪರೀಕ್ಷೆಯ ಅಂಕಿ ಒಂದು ವರ್ಷಕ್ಕೆ ಶೇ. 0.08ಕ್ಕೆ ಇಳಿದಿತ್ತು. ಆ ಹೊತ್ತಿಗೆ 0.1ರ ಒಳಗೆ ಬಂದರೆ ಡಾಕ್ಟರು ಖುಷಿಯಾಗುತ್ತಾರೆ. ಆಮೇಲೆ ಅಂಕಿ 0.3 ಆಯಿತು, ನಂತರ 0.9. ಮಾತ್ರೆ ತಪ್ಪಿಸುತ್ತಿದ್ದೀರಾ ಅಂತ ಡಾಕ್ಟರು ಕೇಳಿದರೆ, ಇಲ್ಲ ಅಂದರು. ಸರಿ, ಒಮ್ಮೆ ಆಪ್ತಸಲಹೆಗೆ ಹೋಗಿ ಬನ್ನಿ ಅಂತ ನನ್ನ ಹತ್ತಿರ ಕಳಿಸಿದರು.

ಕೂತ ಕೂಡಲೇ ನೋಟ್‌ಬುಕ್ ತೆರೆದರು.

ಮೊದಲ ಪ್ರಶ್ನೆ: ನಂದು ಎಷ್ಟನೇ ಸ್ಟೇಜ್? ಬಹಳ ಜನ ಇದನ್ನೇ ಮೊದಲು ಕೇಳುತ್ತಾರೆ. ಗಡ್ಡೆಯಾಗುವ ಕ್ಯಾನ್ಸರ್‌ಗೆ ಒಂದರಿಂದ ನಾಲ್ಕು ಅಂತ ಎಣಿಸುವ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ರಕ್ತ ಮೊದಲೇ ಮೈಯೆಲ್ಲ ಓಡಾಡುತ್ತಿರುತ್ತದೆ. ಹಾಗಾಗಿ ಎಲ್ಲಿಗೆ ಹರಡಿದೆ ಅನ್ನುವ ಮಾತಿಗೆ ಇಲ್ಲಿ ಅರ್ಥ ಕಡಿಮೆ. ಸಿಎಂಎಲ್‌ನಲ್ಲಿ ಕಾಯಿಲೆ ಎಷ್ಟು ಜೋರಾಗಿದೆ ಅಂತ ನೋಡುತ್ತಾರೆ. ಅವರದು ಮೊದಲ, ಶಾಂತ ಹಂತದಲ್ಲೇ ಇತ್ತು.

ಮಗಳಿಗೆ ಬರುತ್ತಾ? ಇದನ್ನು ಎರಡು ಸಲ ಬೇರೆ ಬೇರೆ ಪದದಲ್ಲಿ ಬರೆದಿದ್ದರು. ಇಲ್ಲ. ನಮ್ಮ ಜೀವಕೋಶದ 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲು ಬದಲಾಗಿ ಅಂಟಿಕೊಂಡಾಗ ಈ ಕಾಯಿಲೆ ಶುರುವಾಗುತ್ತದೆ. ಆ ಎಡವಟ್ಟು ಮೂಳೆಯೊಳಗಿನ ಮಜ್ಜೆಯ ಒಂದು ಕೋಶದಲ್ಲಿ, ಹುಟ್ಟಿದ ಎಷ್ಟೋ ವರ್ಷದ ಮೇಲೆ ಆಗುವಂಥದ್ದು. ಅಪ್ಪನಿಂದ ಮಗಳಿಗೆ ಇಳಿಯುವ ದಾರಿ ಅದಕ್ಕಿಲ್ಲ. ಮುಟ್ಟಿದರೆ, ಒಂದೇ ಲೋಟದಲ್ಲಿ ಕುಡಿದರೆ ಅಂಟುವುದೂ ಇಲ್ಲ. ಆ ಉತ್ತರಕ್ಕೆ ನಾಲ್ಕು ಗೆರೆ ಸಾಲಲಿಲ್ಲ. ಪಕ್ಕದ ಅಂಚಿನಲ್ಲೂ ಬರೆದುಕೊಂಡರು.

ರಕ್ತಹೀನತೆ ಮುಂದೆ ಕ್ಯಾನ್ಸರ್ ಆಗುತ್ತಾ? ಆಗುವುದಿಲ್ಲ. ಕಬ್ಬಿಣದಂಶ ಕಡಿಮೆಯಾಗಿ ರಕ್ತ ಕಡಿಮೆ ಆಗುವುದೇ ಬೇರೆ, ಇದೇ ಬೇರೆ. ಅಣ್ಣನಿಂದ ಮಜ್ಜೆ ತೆಗೆದು ಹಾಕಬೇಕಾಗುತ್ತಾ? ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರ ಮಜ್ಜೆಯೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದರೆ 2001ರಲ್ಲಿ ಈ ಮಾತ್ರೆ ಬಂದ ಮೇಲೆ ಸಿಎಂಎಲ್‌ನಲ್ಲಿ ಅಲ್ಲಿಯವರೆಗೆ ಹೋಗುವವರು ತೀರಾ ಕಡಿಮೆ. ಕೂದಲು, ಪ್ರಯಾಣ, ವ್ಯಾಯಾಮ ಹೀಗೆ ಉಳಿದವು ಬೇಗ ಮುಗಿದವು.

ಮುಕ್ಕಾಲು ಗಂಟೆ ಆಗಿತ್ತು. ಎಲ್ಲದಕ್ಕೂ ಉತ್ತರ ಕೊಟ್ಟ ಖುಷಿಯಲ್ಲಿ ನಾನೂ ಇದ್ದೆ. ಇದನ್ನು ಒಪ್ಪಿಕೊಳ್ಳಬೇಕು: ಅವರನ್ನು ಹಾಗೇ ಕಳಿಸಿಬಿಡುತ್ತಿದ್ದೆ. ಅವರು ಎದ್ದು ನಿಂತಾಗ ಸುಮ್ನೆ ಕೇಳಿದೆ, "ಮಾತ್ರೆ ಎಲ್ಲಿ ಇಡ್ತೀರಿ?"

"ಸ್ಕೂಟರ್ ಡಿಕ್ಕಿಲಿ."

ಮತ್ತೆ ಕೂತರು. ಹೆಂಡತಿಗೆ ಕಾಯಿಲೆಯ ವಿಷಯ ಹೇಳಿಲ್ಲ. ರಕ್ತ ಕಡಿಮೆ ಇದೆ, ಅದಕ್ಕೆ ಆಸ್ಪತ್ರೆ ಅಂತ ಹೇಳಿದ್ದಾರೆ. ಆಕೆ ನಂಬಿ ಕಬ್ಬಿಣದಂಶದ ಟಾನಿಕ್ ತಂದು ದಿನಾ ರಾತ್ರಿ ಚಮಚದಲ್ಲಿ ಕೊಡುತ್ತಾರೆ. ಇವರು ಕುಡಿಯುತ್ತಾರೆ. ಕೆಲಸದಿಂದ ಬಂದು ಸ್ಕೂಟರ್ ನಿಲ್ಲಿಸಿದಾಗ ಅಲ್ಲೇ ಮಾತ್ರೆ ನುಂಗಿ ಒಳಗೆ ಹೋಗುವುದು ರೂಢಿ. ರಜೆಯಲ್ಲಿ ಎಲ್ಲರೂ ಮನೆಯಲ್ಲಿದ್ದರೆ, ಮಗಳು ಸ್ಕೂಟರ್ ಒಯ್ದರೆ, ನೆಂಟರ ಮನೆಗೆ ಹೋದರೆ, ಮಾತ್ರೆ ಇಲ್ಲ. ಈ ಮಾತ್ರೆಯಿಂದ ಕೆಲವರಿಗೆ ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಳ್ಳುತ್ತದೆ. "ರಾತ್ರಿ ಅತ್ತಿದ್ರಾ?" ಅಂತ ಹೆಂಡತಿ ಒಂದು ದಿನ ಕೇಳಿದರಂತೆ. ಆಮೇಲೆ ಇನ್ನಷ್ಟು ತಪ್ಪಿಸಿದರು.

ತಿಂಗಳಿಗೆ ಎಷ್ಟು ತಪ್ಪುತ್ತದೆ ಅಂತ ಕೂತು ಲೆಕ್ಕ ಹಾಕಿದೆವು. ಏಳೆಂಟು.

ಡಾಕ್ಟರಿಗೆ ಸುಳ್ಳು ಹೇಳಿದ್ದಕ್ಕೆ ನಾನು ಬೈಯಲಿಲ್ಲ. ಬೈದರೆ ಮುಂದಿನ ಸಲ ನನಗೂ ಸುಳ್ಳೇ ಸಿಗುತ್ತದೆ. ಮಾತ್ರೆ ಒಳಗೆ ಏನು ಮಾಡುತ್ತದೆ ಅಂತ ಹೇಳಿದೆ. ಆ ಅದಲು ಬದಲಾದ ತುಂಡು ಒಂದು ತಪ್ಪು ಪ್ರೋಟೀನ್ ಮಾಡಿಸುತ್ತದೆ. ಆರಿಸಲು ಬಾರದ ಸ್ವಿಚ್ಚಿನ ಹಾಗೆ ಅದು ಕಣಗಳನ್ನು ಬೆಳೆಸುತ್ತಲೇ ಇರುತ್ತದೆ. ಮಾತ್ರೆ ಆ ಸ್ವಿಚ್ಚನ್ನು ಒತ್ತಿ ಹಿಡಿದಿರುತ್ತದೆ, ಕಿತ್ತು ಹಾಕುವುದಿಲ್ಲ. ಸುಮಾರು 18 ಗಂಟೆಗೆ ರಕ್ತದಲ್ಲಿ ಮಾತ್ರೆಯ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ದಿನಾ ಬೇಕು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಾತ್ರೆ ಬಾಟಲಿಯ ಮುಚ್ಚಳದಲ್ಲಿ ಚಿಪ್ ಇಟ್ಟು 87 ಜನ ಎಷ್ಟು ಸಲ ತೆರೆಯುತ್ತಾರೆ ಅಂತ ಎಣಿಸಿದ್ದರು. ಹತ್ತರಲ್ಲಿ ಒಂದಕ್ಕಿಂತ ಜಾಸ್ತಿ ತಪ್ಪಿಸಿದವರಲ್ಲಿ ಒಳ್ಳೆಯ ಅಂಕಿ ಸಿಗುವುದು ಬಹಳ ಕಡಿಮೆಯಾಗಿತ್ತು. ಅಂದರೆ ತಿಂಗಳಿಗೆ ಮೂರು ದಿನವೇ ಗಡಿ. ಇವರು ಅದನ್ನು ಯಾವತ್ತೋ ದಾಟಿದ್ದರು.

"ಚೆನ್ನಾಗೇ ಇದ್ದೀನಲ್ಲ ಮೇಡಂ, ಏನೂ ಗೊತ್ತಾಗಲ್ಲ," ಅಂದರು. ಇದೇ ಈ ಕಾಯಿಲೆಯ ಕಷ್ಟ. ಅಂಕಿ ಏರುವಾಗ ನೋವಿಲ್ಲ, ಸುಸ್ತಿಲ್ಲ. ಹಾಗಾಗಿ ಪಿಸಿಆರ್ ತಪ್ಪಿಸಲೇಬಾರದು.

ಮಾತ್ರೆ ನಿಲ್ಲಿಸಿದವರೂ ಇದ್ದಾರಂತಲ್ಲ ಅಂತ ಕೇಳಿದರು. ಇದ್ದಾರೆ. ಹಲವು ವರ್ಷ ಅಂಕಿ ತೀರಾ ಕೆಳಗೇ ನಿಂತವರಿಗೆ, ಡಾಕ್ಟರ ಕಣ್ಗಾವಲಿನಲ್ಲಿ, ಮೊದಮೊದಲು ತಿಂಗಳು ತಿಂಗಳು ಪರೀಕ್ಷೆ ಮಾಡುತ್ತಾ ನಿಲ್ಲಿಸಿ ನೋಡುತ್ತಾರೆ. ಅವರಲ್ಲೂ ಸುಮಾರು ಅರ್ಧ ಜನಕ್ಕೆ ಮತ್ತೆ ಶುರು ಮಾಡಬೇಕಾಗುತ್ತದೆ. ಅದಕ್ಕೂ ಸ್ಕೂಟರ್ ಡಿಕ್ಕಿಗೂ ಸಂಬಂಧವಿಲ್ಲ ಅಂದೆ. ಆ ದಿನ ಮೊದಲ ಸಲ ನಕ್ಕರು.

ಹೆಂಡತಿಗೆ ಯಾಕೆ ಹೇಳಿಲ್ಲ? ಆಕೆಯ ಅಪ್ಪ ಬೇರೆ ಕ್ಯಾನ್ಸರ್‌ನಲ್ಲಿ ತೀರಿಕೊಂಡಿದ್ದರು. ಕೊನೆಯವರೆಗೂ ನೋಡಿಕೊಂಡವರು ಆಕೆಯೇ. ಆ ಪದ ಮನೆಯಲ್ಲಿ ಯಾರೂ ಎತ್ತುವುದಿಲ್ಲ. "ನೀವೇ ಹೇಳಿಬಿಡಿ ಮೇಡಂ."

ಅದಕ್ಕೆ ನಾನು ಒಪ್ಪಲಿಲ್ಲ. ಅವರ ಗುಟ್ಟು ಅವರದು, ನಾನಾಗಿ ಯಾರಿಗೂ ಹೇಳುವುದಿಲ್ಲ. ಹೊರಗಿನವರಿಂದ ತಿಳಿದರೆ ಆಕೆಗೆ ಆಗುವ ನೋವೇ ಬೇರೆ. ಬೇಕಾದರೆ ಇಬ್ಬರೂ ಬನ್ನಿ, ಪಕ್ಕದಲ್ಲಿ ಕೂರುತ್ತೇನೆ ಅಂದೆ. ಏನು ಹೇಳಬೇಕು ಅಂತ ಅಲ್ಲೇ ಬಾಯಲ್ಲಿ ಹೇಳಿ ನೋಡಿದೆವು. ಮೊದಲ ಸಲ ಫಿಲಡೆಲ್ಫಿಯಾ ಕ್ರೋಮೋಸೋಮಿನಿಂದ (ತುಂಡು ಅದಲು ಬದಲಾದ ಆ 22ನೇ ಕ್ರೋಮೋಸೋಮಿನ ಹೆಸರು) ಶುರು ಮಾಡಿದರು! ಅದೆಲ್ಲ ಬಿಡಿಸಿ ಮೂರು ಮಾತಿಗೆ ಇಳಿಸಿದೆವು: ನನಗೆ ಒಂದು ಬಗೆಯ ರಕ್ತದ ಕ್ಯಾನ್ಸರ್ ಇದೆ. ದಿನಾ ಮಾತ್ರೆ ತಗೊಂಡರೆ ಹಿಡಿತದಲ್ಲಿರುತ್ತದೆ. ನಿನ್ನ ಅಪ್ಪನಿಗೆ ಬಂದಿದ್ದು ಇದಲ್ಲ. ಅಷ್ಟು ಹೇಳಿ ಸುಮ್ಮನಾಗಿ, ಆಕೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ರಾತ್ರಿ ಮಲಗುವ ಹೊತ್ತಲ್ಲಿ ಬೇಡ, ಮಗಳ ಎದುರಿಗೂ ಬೇಡ. ಮಗಳಿಗೆ ಒಂದೆರಡು ದಿನ ಬಿಟ್ಟು ಇಬ್ಬರೂ ಸೇರಿ ಹೇಳಿ.

ಉಳಿದ ಸಲಹೆ ಚಿಕ್ಕವು. ತಪ್ಪಿದ ದಿನಗಳ ಲೆಕ್ಕವನ್ನೂ ಟಾನಿಕ್ ವಿಷಯವನ್ನೂ ಡಾಕ್ಟರಿಗೆ ಹೇಳಿ. ಇಲ್ಲದಿದ್ದರೆ ಮಾತ್ರೆ ಕೆಲಸ ಮಾಡುತ್ತಿಲ್ಲ ಅಂದುಕೊಂಡು ಬೇರೆ ಔಷಧಿಗೆ ಬದಲಿಸಬಹುದು. ಊಟದ ಜೊತೆ, ಒಂದು ದೊಡ್ಡ ಲೋಟ ನೀರಲ್ಲಿ ನುಂಗಿ, ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಬೇರೆ ಯಾವ ಔಷಧಿ, ಕಷಾಯ ತಗೊಂಡರೂ ಡಾಕ್ಟರ ಕಿವಿಗೆ ಹಾಕಿ.

ಮೂರು ವಾರಕ್ಕೆ ಇಬ್ಬರೂ ಬಂದರು. ಮೇಷ್ಟ್ರು ಮನೆಯಲ್ಲೇ ಹೇಳಿ ಮುಗಿಸಿದ್ದರು. ಆಕೆ ಅಳುತ್ತಾರೆ ಅಂದುಕೊಂಡಿದ್ದೆ. ಆಕೆ ಬಂದಿದ್ದು ಸಿಟ್ಟಿನಲ್ಲಿ, ಅದೂ ಕಾಯಿಲೆಯ ಮೇಲಲ್ಲ. "ಒಂದೂವರೆ ವರ್ಷ ಟಾನಿಕ್ ಕುಡಿಸಿದೀನಿ ಮೇಡಂ. ದಿನಾ ಬಾಯಿ ತೆರೆದು ಕುಡಿದ್ರಲ್ಲ ಇವರು!" ಆ ಸಿಟ್ಟಿಗೆ ಜಾಗ ಕೊಡುವುದೇ ಅವತ್ತಿನ ನನ್ನ ಕೆಲಸವಾಯಿತು. ಮೇಷ್ಟ್ರು ಮಧ್ಯೆ ಬಾಯಿ ಹಾಕಲು ನೋಡಿದಾಗ ಎರಡು ಸಲ ತಡೆದೆ.

ಡಾಕ್ಟರು ಮಾತ್ರೆ ಬದಲಿಸಲಿಲ್ಲ. ಮೂರು ತಿಂಗಳ ನಂತರ ಪಿಸಿಆರ್ 0.4ಕ್ಕೆ ಬಂತು. ಇನ್ನೂ 0.1ರ ಮೇಲೆಯೇ ಇದೆ, ನೋಡಬೇಕು. ಮಾತ್ರೆ ಈಗ ಅಡುಗೆಮನೆಯ ಶೆಲ್ಫಿನಲ್ಲಿದೆ, ಟಾನಿಕ್ ಬಾಟಲಿ ಇದ್ದ ಜಾಗದಲ್ಲಿ. ನೋಟ್‌ಬುಕ್ ಆಕೆಯ ಕೈಗೆ ಹೋಗಿದೆ. ಆಕೆ ನಂಬರ್ ಹಾಕುವುದಿಲ್ಲ, ಜಾಗವನ್ನೂ ಬಿಡುವುದಿಲ್ಲ.