ಸಣ್ಣ ಊರಿನ ಫ್ಯಾಮಿಲಿ ಡಾಕ್ಟರ್ ಹತ್ತಿರ ಒಂದು ವರ್ಷ ಕೆಲಸ ಕಲಿತರೆ ಉಪಯೋಗ ಇದೆಯಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಎಂಬಿಬಿಎಸ್ ಇಂಟರ್ನ್‌ಶಿಪ್ ಮುಗಿದಿದೆ, ಪಿಜಿ ಸೀಟು ಈ ಸಲ ಕೈತಪ್ಪಿದೆ, ಮಲೆನಾಡಿನ ಹಿರಿಯ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ಕಿಗೆ ಬಾ ಅಂತ ಕರೆದಿದ್ದಾರೆ. ಅಲ್ಲಿಗೆ ಹೋಗಬೇಕೋ, ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆಗಬೇಕೋ? ಓದೋಕೆ ಟೈಮ್ ಸಿಗುತ್ತದಾ?

ಹೋಗಿ. ನಾನು ತೀರ್ಥಹಳ್ಳಿ ಸೀಮೆಯ ಒಂದು ಪೇಟೆಯಲ್ಲಿ ಇಂಥದ್ದೇ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದ್ದೇನೆ. ಯಾರನ್ನು ಮಾತ್ರೆ ಕೊಟ್ಟು ಮನೆಗೆ ಕಳಿಸಬಹುದು, ಯಾರನ್ನು ನಾಳೆ ಮತ್ತೆ ನೋಡಬೇಕು, ಯಾರನ್ನು ಈಗಿಂದೀಗಲೇ ಗಾಡಿ ಹತ್ತಿಸಬೇಕು ಅನ್ನುವುದನ್ನು ನಾನು ಕಲಿತದ್ದು ಅಲ್ಲೇ. ಮೆಡಿಕಲ್ ಕಾಲೇಜಿನ ವಾರ್ಡಿಗೆ ಬರುವ ರೋಗಿಯನ್ನು ನಮಗಿಂತ ಮೊದಲೇ ಇನ್ಯಾರೋ ಸೋಸಿ ಕಳಿಸಿರುತ್ತಾರೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಶೀತ, ಕಜ್ಜಿ, ಸೊಂಟ ನೋವು, ಬಿಪಿ ಮಾತ್ರೆ ಮುಗಿದವರು, ಮೆಡಿಕಲ್ ಸರ್ಟಿಫಿಕೇಟ್ ಬೇಕಾದವರು ಎಲ್ಲ ಒಟ್ಟಿಗೇ ಕೂತಿರುತ್ತಾರೆ. ಅವರ ನಡುವೆ ನಿಜವಾಗಿ ಅಪಾಯದಲ್ಲಿರುವವರು ಸುಮ್ನೆ ಟೋಕನ್ ಹಿಡಿದು ಕಾಯುತ್ತಿರುತ್ತಾರೆ.

"ಗ್ಯಾಸ್ ತುಂಬಿಕೊಂಡಿದೆ ಡಾಕ್ಟ್ರೇ, ಒಂದು ಸೂಜಿ ಹಾಕಿ ಬಿಡಿ" ಅನ್ನುವವರನ್ನೇ ನೋಡಿ. ಹೃದಯದ ಕೆಳಭಾಗಕ್ಕೆ ರಕ್ತ ಹರಿಯುವುದು ನಿಂತಾಗ ನೋವು ಎಷ್ಟೋ ಸಲ ಹೊಟ್ಟೆಯ ಮೇಲ್ಭಾಗದಲ್ಲೇ ಬರುತ್ತದೆ, ಜೊತೆಗೆ ತೇಗು, ವಾಂತಿ. ನಮ್ಮ ಡಾಕ್ಟರದು ಒಂದು ನಿಯಮ ಇತ್ತು. ನಲವತ್ತು ದಾಟಿದವರಿಗೆ ದವಡೆಯಿಂದ ಹೊಕ್ಕುಳದವರೆಗೆ ಎಲ್ಲೇ ಹೊಸ ನೋವು ಬಂದರೂ ಮೊದಲು ಇಸಿಜಿ, ಆಮೇಲೆ ಮಾತು. ಮೊದಲ ಇಸಿಜಿ ಸರಿ ಇದೆ ಅಂತ ಬಿಡುತ್ತಿರಲಿಲ್ಲ. ರೋಗಿಯನ್ನು ಒಳಗಿನ ಮಂಚದ ಮೇಲೆ ಮಲಗಿಸಿ ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ತೆಗೆಸುತ್ತಿದ್ದರು. ಬದಲಾವಣೆ ಕಂಡರೆ 300 ಮಿಲಿಗ್ರಾಂ ಆಸ್ಪಿರಿನ್ ಜಗಿಯೋಕೆ ಕೊಟ್ಟು, ತಕ್ಷಣ ಫೋನು. ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಮೊದಲು ಅಲ್ಲಿಗೆ ಕಳಿಸಬೇಕಾ, ನೇರ ಶಿವಮೊಗ್ಗಕ್ಕಾ, ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕಾ ಅನ್ನುವುದು ನೋವು ಶುರುವಾಗಿ ಎಷ್ಟು ಹೊತ್ತಾಯಿತು, ಮಳೆ ಹೇಗಿದೆ, ಗಾಡಿ ಯಾವುದು ಸಿಕ್ಕಿತು ಅನ್ನುವುದರ ಮೇಲೆ ನಿಂತಿರುತ್ತದೆ. ಅವರು ಬರೆಯುತ್ತಿದ್ದ ಚೀಟಿಯಲ್ಲಿ ಗಂಟೆ, ನಿಮಿಷ ಇರುತ್ತಿತ್ತು: ನೋವು ಶುರುವಾದದ್ದು ಯಾವಾಗ, ಇಸಿಜಿ ತೆಗೆದದ್ದು ಯಾವಾಗ, ಏನು ಕೊಟ್ಟೆವು ಯಾವಾಗ. ಆ ಕಡೆ ಚೀಟಿ ನೋಡುವ ಡಾಕ್ಟರಿಗೆ ಮೊದಲು ಬೇಕಾಗುವುದು ಅದೇ.

ಚೀಟಿ ಬರೆದರೆ ರೋಗಿ ಹೊರಡುತ್ತಾನೆ ಅಂದುಕೊಳ್ಳಬೇಡಿ. "ಹಸು ಕರೆಯೋರು ಯಾರು ಡಾಕ್ಟ್ರೇ?" ಅನ್ನುತ್ತಾರೆ. ನಮ್ಮ ಡಾಕ್ಟರು ಪಕ್ಕದ ಮನೆಯವರಿಗೇ ಫೋನ್ ಮಾಡಿ ಹಸುವಿನ ವ್ಯವಸ್ಥೆ ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ದುಡ್ಡಿನ ಮಾತೂ ನಾವೇ ಆಡಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗೋಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಇದನ್ನು ಕಾಲೇಜಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಇನ್ನು ಜ್ವರ. ನಿಜವಾದ ಪಾಠ ಅಂದರೆ ಇದೇ. ಮಳೆಗಾಲದಲ್ಲಿ ಗದ್ದೆ, ತೋಟದ ಕೆಲಸದವರಿಗೆ ಜ್ವರದ ಜೊತೆ ಮೀನಖಂಡ ಹಿಂಡುವ ಹಾಗೆ ನೋಯುತ್ತಿದೆ, ಕಣ್ಣು ಕೆಂಪಾಗಿದೆ ಅಂದರೆ ಇಲಿಜ್ವರ ತಲೆಯಲ್ಲಿರಬೇಕು. ಮೂತ್ರ ಎಷ್ಟು ಹೋಗುತ್ತಿದೆ ಅಂತ ಕೇಳಲೇಬೇಕು. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಪತ್ತೆಯಾದ ಕಾಯಿಲೆ ಅದು. ಆ ತಿಂಗಳುಗಳಲ್ಲಿ ಪ್ರಶ್ನೆಗಳೇ ಬೇರೆ. ಸೊಪ್ಪಿನಬೆಟ್ಟಕ್ಕೆ ದರಗು (ಒಣಗಿದ ಎಲೆ) ತರೋಕೆ ಹೋಗಿದ್ರಾ? ಸೌದೆಗೆ? ಮಂಗ ಸತ್ತ ಸುದ್ದಿ ಏನಾದ್ರೂ ಇದೆಯಾ? ಮೈಮೇಲೆ ಉಣುಗು ಕಂಡಿತಾ? ಕಾಯಿಲೆ ಹರಡೋದು ಆ ಉಣುಗಿನಿಂದಲೇ. ಅನುಮಾನ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ ರಕ್ತದ ಸ್ಯಾಂಪಲ್ ಶಿವಮೊಗ್ಗಕ್ಕೆ ಹೋಗುವ ಹಾಗೆ ನೋಡಿಕೊಳ್ಳಬೇಕು.

ಮಂಗನ ಕಾಯಿಲೆಗೆ ಅದಕ್ಕೇ ಅಂತ ಔಷಧಿ ಇಲ್ಲ. ಹಾಗಾಗಿ ಏನು ಕೊಡಬಾರದು ಅನ್ನುವುದೇ ಮುಖ್ಯ. ಜ್ವರಕ್ಕೆ ಡೈಕ್ಲೋಫೆನಾಕ್ ಸೂಜಿ ಹಾಕಿದರೆ ಜನಕ್ಕೆ ಖುಷಿ, ಬೇಗ ಬೆವರಿ ಮೈ ಹಗುರಾಗುತ್ತದೆ. ಆದರೆ ಡೆಂಗ್ಯೂ ಆಗಲಿ, ಮಂಗನ ಕಾಯಿಲೆ ಆಗಲಿ, ಪ್ಲೇಟ್‌ಲೆಟ್ ಇಳಿದಿದ್ದರೆ ರಕ್ತಸ್ರಾವದ ಅಪಾಯ ಜಾಸ್ತಿ. ನಮ್ಮ ಡಾಕ್ಟರು ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರೆ ಕೊಡುತ್ತಿದ್ದರೇ ಹೊರತು ಸೂಜಿ ಮುಟ್ಟುತ್ತಿರಲಿಲ್ಲ. "ಸೂಜಿ ಹಾಕದ ಡಾಕ್ಟ್ರು" ಅಂತ ಬೈಸಿಕೊಂಡದ್ದೂ ಇದೆ. "ಬೈಲಿ ಮಾರಾಯ, ನಾಳೆ ಬರ್ತಾರಲ್ಲ, ಅದು ಮುಖ್ಯ" ಅನ್ನುತ್ತಿದ್ದರು.

ನಾಳೆ ಬಾರದಿದ್ದರೆ? ಅದಕ್ಕೊಂದು ನೋಟ್‌ಬುಕ್ ಇತ್ತು. ಅನುಮಾನದ ಜ್ವರದವರ ಹೆಸರು, ಫೋನ್ ನಂಬರ್ ಅದರಲ್ಲಿ ಬರೆದು ಕಾಂಪೌಂಡರ್ ಸಂಜೆ ಫೋನ್ ಮಾಡುತ್ತಿದ್ದರು. ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರ ಚೆನ್ನಾಗಿದ್ದು, ಮತ್ತೆ ಜ್ವರದ ಜೊತೆ ತಲೆನೋವು, ಗೊಂದಲ, ನಡುಕ ಶುರುವಾಗುತ್ತದೆ. ವಾರ್ಡಿನಲ್ಲಿ ಡಿಸ್ಚಾರ್ಜ್ ಆದ ಮೇಲೆ ಆ ರೋಗಿ ನಮಗೆ ಕಾಣುವುದೇ ಇಲ್ಲ. ಇಲ್ಲಿ ಸಂತೆಯಲ್ಲಿ ಸಿಕ್ಕರೂ ಮುಖ ನೋಡಿ ಗೊತ್ತಾಗುತ್ತದೆ.

ಹಾವು ಕಡಿತವೂ ಬರುತ್ತದೆ. ಒಣಗಿದ, ಸೋಪು ಸೋಕದ ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುವ ಪರೀಕ್ಷೆಯನ್ನು ಕೈಯಾರೆ ಮಾಡುತ್ತೀರಿ. ಹೆಪ್ಪುಗಟ್ಟದಿದ್ದರೆ ಆಂಟಿವೆನಮ್ ಇರುವ ಆಸ್ಪತ್ರೆಗೆ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ ಔಷಧಿ. ಪಶ್ಚಿಮ ಘಟ್ಟದ ಹಂಪ್ ನೋಸ್ಡ್ ಪಿಟ್ ವೈಪರ್ ಕಚ್ಚಿದರೆ ಅದು ಕೆಲಸ ಮಾಡುವುದಿಲ್ಲ ಅನ್ನುವುದು ನೆನಪಿರಲಿ.

ಇನ್ನೊಂದು ಅಭ್ಯಾಸ ಅಲ್ಲಿಂದ ತಂದುಕೊಂಡೆ. ಕಾಲು ನೋವಿಗೆ ಬಂದರೂ ಬಾಯಿ ತೆಗೆಸಿ ಟಾರ್ಚ್ ಹಾಕಿ ನೋಡುವುದು. ಎಲೆ ಅಡಿಕೆ, ಹೊಗೆಸೊಪ್ಪಿನ ಊರು. ಬಿಳಿ ಮಚ್ಚೆ, ಬಾಯಿ ಪೂರ್ತಿ ತೆಗೆಯಲಾಗದಿರುವುದು ಬೇಗ ಸಿಕ್ಕಿದರೆ ಜೀವ ಉಳಿಯುತ್ತದೆ. ಹೊಗೆಸೊಪ್ಪು ಇಲ್ಲದೆ ಬರಿ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಅಡಿಕೆ ತೋಟದವರ ಮುಂದೆ ಕೂತು ಈ ಮಾತು ಹೇಳೋದು ಹೇಗೆ ಅಂತ ಮಾತ್ರ ನಿಮ್ಮ ಡಾಕ್ಟರಿಂದಲೇ ಕಲಿಯಿರಿ. ನನಗೆ ಇವತ್ತಿಗೂ ಅದು ಕಷ್ಟ.

ಆದರೆ ಎಲ್ಲ ಹಿರಿಯ ಡಾಕ್ಟರೂ ಒಳ್ಳೆ ಗುರು ಅಂತ ನಾನು ಹೇಳಲಾರೆ. ಒಪ್ಪುವ ಮೊದಲು ಒಂದು ದಿನ ಸುಮ್ನೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಬಂದವರಿಗೆಲ್ಲ ಡೆಕ್ಸಾ ಅನ್ನುವ ಸ್ಟೀರಾಯ್ಡ್ ಸೂಜಿ, ಹೆಸರಿಲ್ಲದ ಪುಟ್ಟ ಪೊಟ್ಟಣದಲ್ಲಿ ಬಣ್ಣಬಣ್ಣದ ಮಾತ್ರೆ, ಸುಸ್ತು ಅಂದವರಿಗೆಲ್ಲ ಗ್ಲೂಕೋಸ್ ಬಾಟಲಿ ಕಂಡರೆ ವಾಪಸ್ ಬಸ್ ಹತ್ತಿ. ಹಳೆಯ ಚೀಟಿಗಳನ್ನು ಜೋಪಾನವಾಗಿ ಇಟ್ಟಿದ್ದಾರಾ, ರೆಫರ್ ಮಾಡಿದವರ ಬಗ್ಗೆ ಆಮೇಲೆ ವಿಚಾರಿಸುತ್ತಾರಾ, ನೀವು ಕೇಳಿದ್ದಕ್ಕೆ ಬೇಸರ ಮಾಡದೆ ಉತ್ತರ ಕೊಡುತ್ತಾರಾ ನೋಡಿ.

ಕಾಗದದ ವಿಷಯ ಬೇಗ ಹೇಳಿಬಿಡುತ್ತೇನೆ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ಪೂರ್ಣ ನೋಂದಣಿ ಕೈಗೆ ಬರುವ ಮುಂಚೆ ಸ್ವಂತ ಸಹಿ ಹಾಕಬೇಡಿ. ಕ್ಲಿನಿಕ್ಕಿಗೆ ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಇರಬೇಕು. ಸಂಬಳ, ರಜೆ, ರಾತ್ರಿ ಕರೆ ಬಂದರೆ ಯಾರು ಹೋಗಬೇಕು, ಎಲ್ಲ ಮೊದಲೇ ಮಾತಾಡಿ. ಖಾಸಗಿ ಕ್ಲಿನಿಕ್ಕಿನ ಕೆಲಸ ಸರ್ಕಾರಿ ಗ್ರಾಮೀಣ ಸೇವೆಯ ಲೆಕ್ಕಕ್ಕೆ ಬರುವುದಿಲ್ಲ. ಪದವಿಯೂ ಆಗುವುದಿಲ್ಲ. ಈ ದಾರಿಯೇ ಇಷ್ಟವಾದರೆ ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ಅನ್ನುವ ಸ್ನಾತಕೋತ್ತರ ಕೋರ್ಸು ಮೂರು ವರ್ಷದ್ದು ಇದೆ. ಕೆಲಸ ಮಾಡುತ್ತಲೇ ಓದುವವರಿಗೆ ವೆಲ್ಲೂರಿನ ಸಿಎಂಸಿಯ ದೂರಶಿಕ್ಷಣ ಡಿಪ್ಲೊಮಾ ಇದೆ.

ಓದೋಕೆ ಟೈಮ್ ಸಿಗುತ್ತದೆ. ಇಂಥ ಕ್ಲಿನಿಕ್ಕುಗಳು ಸಾಮಾನ್ಯವಾಗಿ ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುತ್ತವೆ. ಆ ಹೊತ್ತು ಪೂರ್ತಿ ನಿಮ್ಮದು. ಬೆಳಗ್ಗೆ ನೋಡಿದ ರೋಗಿಯ ಪಾಠವನ್ನೇ ಮಧ್ಯಾಹ್ನ ಓದಿ, ನೀಟ್ ಪಿಜಿಗೂ ಅದೇ ಉಳಿಯುತ್ತದೆ. ಜೂನ್ ಬಂದರೆ ಕರೆಂಟ್ ಎರಡು ಮೂರು ದಿನ ನಾಪತ್ತೆಯಾಗುವುದೂ ಉಂಟು, ರೂಮು ಹುಡುಕುವಾಗ ಇನ್ವರ್ಟರ್ ಇದೆಯಾ ಅಂತ ಮೊದಲು ಕೇಳಿ.