ಮನೆ ಮುಂದಿನ ರಸ್ತೆ ಮತ್ತು ಬಸುರಿಯ ನಡಿಗೆ

(ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.)

ಗಿರಿಜಾ ಅವರ 'ತಾಯಿ ಕಾರ್ಡಿ'ನ (ಬಸುರಿನ ತಪಾಸಣೆಗಳನ್ನು ಬರೆದಿಡುವ ಕಾರ್ಡು) ಜೊತೆ ನನ್ನ ಮೇಜಿಗೆ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: "ವಾಕಿಂಗ್ ಮಾಡುತ್ತಿಲ್ಲ, ತಿಳಿಹೇಳಿ." ವಯಸ್ಸು 26, ಚೊಚ್ಚಲು ಬಸುರಿ, 25ನೇ ವಾರ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ ಸಕ್ಕರೆ 152. ಈ ಪರೀಕ್ಷೆಯಲ್ಲಿ 140 ಮುಟ್ಟಿದರೇ ಬಸುರಿನ ಸಕ್ಕರೆ ಕಾಯಿಲೆ ಎಂದು ಲೆಕ್ಕ. ಡಾಕ್ಟರು ಪಥ್ಯ ಹೇಳಿ, ದಿನಾ ಅರ್ಧ ಗಂಟೆ ನಡೆಯಿರಿ ಎಂದಿದ್ದರು. ವಾರದಲ್ಲಿ ಅವರು ನಡೆದದ್ದು ಒಂದೇ ದಿನ.

ಕೇಳಿದರೆ ತಲೆ ತಗ್ಗಿಸಿ, "ಮೈಗಳ್ಳತನ ಆಗೈತ್ರಿ ಮೇಡಂ" ಎಂದರು. ನನಗೆ ನಂಬಿಕೆ ಬರಲಿಲ್ಲ. ರಾಣೆಬೆನ್ನೂರು ಕಡೆಯ ಹಳ್ಳಿಯವರು, ಮದುವೆಗೆ ಮುಂಚೆ ದಿನವೂ ಹೊಲಕ್ಕೆ ಬುತ್ತಿ ಒಯ್ದವರು. ಬೆಂಗಳೂರಿಗೆ ಬಂದ ಎರಡೇ ವರ್ಷಕ್ಕೆ ಕಾಲು ಸೋಮಾರಿಯಾಗುವುದು ಹೇಗೆ?

ಒಂದು ಹಾಳೆ, ಪೆನ್ನು ಕೊಟ್ಟೆ. "ನಿಮ್ಮ ಬಾಗಿಲಿನಿಂದ ಪಾರ್ಕಿನವರೆಗೆ ದಾರಿ ಬರೆದು ತೋರಿಸಿ. ಚಂದ ಇರಬೇಕಂತೇನಿಲ್ಲ."

ಪೀಣ್ಯ ಕಡೆಯ ಬಡಾವಣೆ, ಎರಡನೇ ಮಹಡಿಯ ಬಾಡಿಗೆ ಮನೆ. ಗೇಟು ದಾಟಿದರೆ ಚರಂಡಿ ಮೇಲಿನ ಕಲ್ಲುಚಪ್ಪಡಿಯೇ ಫುಟ್‌ಪಾತ್. ಒಂದು ಕಡೆ ಚಪ್ಪಡಿ ಮುರಿದು ಬಾಯಿ ಬಿಟ್ಟಿದೆ. ಆ ಜಾಗದಲ್ಲಿ ಗಿರಿಜಾ ಪೆನ್ನು ಒತ್ತಿ ಒತ್ತಿ, ಹಾಳೆ ಹರಿಯುವಷ್ಟು ಕಪ್ಪು ಮಾಡಿದರು. ಮುಂದೆ ಸಾಲಾಗಿ ನಿಲ್ಲಿಸಿದ ಬೈಕುಗಳು, ಟ್ರಾನ್ಸ್‌ಫಾರ್ಮರ್. ಅಲ್ಲಿ ರಸ್ತೆಗೇ ಇಳಿಯಬೇಕು, ಫ್ಯಾಕ್ಟರಿ ಟೆಂಪೊಗಳು ಮೈಗೆ ತಾಗುವಂತೆ ಹೋಗುತ್ತವೆ. ಕೋಳಿ ಅಂಗಡಿ ಮುಂದೆ ಐದಾರು ನಾಯಿ. ತಿರುವಿನಲ್ಲಿ ಬಾರು, ಆರು ಗಂಟೆಯ ಮೇಲೆ ಗಂಡಸರ ಗುಂಪು. ಅದೇ ತಿರುವಿನ ದೀಪ ಕೆಟ್ಟಿದೆ. ಇಷ್ಟು ದಾಟಿ ಪಾರ್ಕು ಸೇರಿದರೆ ಶೌಚಾಲಯಕ್ಕೆ ಬೀಗ. ಘಳಿಗೆಗೊಮ್ಮೆ ಮೂತ್ರಕ್ಕೆ ಅವಸರವಾಗುವ ಬಸುರಿಯನ್ನು ಮನೆಯಲ್ಲಿ ಕೂರಿಸಲು ಆ ಬೀಗವೊಂದೇ ಸಾಕು.

ನಡೆದ ಆ ಒಂದು ದಿನ ನಾಯಿಗಳು ಅಟ್ಟಿಸಿಕೊಂಡು ಬಂದಿದ್ದವು. "ಹೊಟ್ಟಿ ಹಿಡ್ಕೊಂಡು ನಿಂತ್ಬಿಟ್ಟೆ ಮೇಡಂ. ಕೂಸಿಗೆ ಏನಾರ ಆಗಿದ್ರ?" ಜೊತೆಗಿದ್ದ ಅತ್ತೆ, "ಮುಚ್ಚಂಜಿ ಹೊತ್ನ್ಯಾಗ ಬಸರಿ ಹೊರಗ ಹೋಗಬಾರ್ದು ಅಂತ ನಾನ ಬ್ಯಾಡ ಅಂದೇನ್ರಿ" ಎಂದರು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ದೀಪವಿಲ್ಲದ ಆ ತಿರುವಿನಲ್ಲಿ ಅವರ ಮಾತು ಸರಿಯಾಗಿಯೇ ಇತ್ತು.

ತೊಂದರೆಯಿಲ್ಲದ ಬಸುರಿಯಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಾವೂ ಅದನ್ನೇ ಹೇಳಿ ಕಳಿಸುತ್ತೇವೆ. ಎಲ್ಲಿ ನಡೆಯುತ್ತೀರಿ ಎಂದು ಕೇಳುವುದಿಲ್ಲ. ನಡೆಯದಿದ್ದರೆ ತಪ್ಪು ಅವಳದೇ ಎಂದು ಬರೆದುಬಿಡುತ್ತೇವೆ. ನಾನೂ ಬರೆದಿದ್ದೇನೆ, ಅದು ಈಗಲೂ ನೋಯಿಸುತ್ತದೆ.

ರಕ್ತಸ್ರಾವ ಇಲ್ಲ, ಕಸ (ಮಾಸು, ಪ್ಲಾಸೆಂಟಾ) ಕೆಳಗಿಲ್ಲ, ಬಿಪಿ ಸರಿಯಿದೆ, ನಡೆಯಲು ಅಡ್ಡಿಯಿಲ್ಲ ಎಂದು ಡಾಕ್ಟರ ಹತ್ತಿರ ಖಚಿತಪಡಿಸಿಕೊಂಡ ಮೇಲೆ ಸಲಹೆಗೆ ಕೂತೆವು. ಅರ್ಧ ಗಂಟೆಯನ್ನು ಒಡೆದು, ಮೂರು ಹೊತ್ತು ಊಟವಾದ ಮೇಲೆ ಹತ್ತು ಹತ್ತು ನಿಮಿಷ ಮಾಡಿದೆವು. ಉಂಡ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಆಗ ನಡೆದರೆ ಕಾಲಿನ ಸ್ನಾಯುಗಳು ಅದನ್ನು ಎಳೆದುಕೊಳ್ಳುತ್ತವೆ. ಒಂದು ಮಹಡಿ ಹತ್ತಿದರೆ ತಾರಸಿ. ರಾತ್ರಿಯ ನಡಿಗೆ ಅಲ್ಲಿ, ಅತ್ತೆಯ ಜೊತೆ, ಲೈಟು ಹಾಕಿಕೊಂಡು. ಬಟ್ಟೆ ಹಗ್ಗ ಎತ್ತಿ ಕಟ್ಟುವುದು, ನೀರಿನ ಪೈಪಿರುವ ಕಡೆ ಹೋಗದಿರುವುದು, ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕುವುದು. ಮಧ್ಯಾಹ್ನ ಬಿಸಿಲಲ್ಲಿ ಮನೆಯೊಳಗೇ, ಅಡುಗೆಮನೆಯಿಂದ ಹಾಲಿಗೆ. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ವೇಗ ಅಷ್ಟಿದ್ದರೆ ಸಾಕು.

ಬೆಳಗಿನ ದಾರಿ ಗಿರಿಜಾ ಅವರಿಗೇ ಹೊಳೆಯಿತು. ಕೆಳಗಿನ ಮನೆಯಾಕೆ ಒಂಬತ್ತೂವರೆಗೆ ಮಗುವನ್ನು ಹಿಂದಿನ ಕ್ರಾಸಿನ ಅಂಗನವಾಡಿಗೆ ಬಿಡಲು ಹೋಗುತ್ತಾರೆ. ಆ ಕ್ರಾಸಿನಲ್ಲಿ ಟೆಂಪೊ ಬರುವುದಿಲ್ಲ, ಹೊಂಗೆ ಮರಗಳ ನೆರಳಿದೆ, ಅಂಗನವಾಡಿಯಲ್ಲಿ ಶೌಚಾಲಯವೂ ಇದೆ. ಹಾಳೆಯ ಹಿಂಬದಿಗೆ ಅದನ್ನೂ ಬರೆದರು. ಈ ಸಲ ಗೆರೆ ಸರಾಗವಾಗಿ ಹೋಯಿತು.

ನಾಯಿ ಎದುರಾದರೆ ಓಡಬೇಡಿ, ನಿಧಾನ ಹಿಂದೆ ಸರಿಯಿರಿ ಎಂದೆ. ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ತಕ್ಷಣ ಬರಬೇಕು. ಬಸುರಿ ಎಂಬ ಕಾರಣಕ್ಕೆ ರೇಬೀಸ್ ಲಸಿಕೆ ತಪ್ಪಿಸುವಂತಿಲ್ಲ. ನಡೆಯುವಾಗ ರಕ್ತ ಕಂಡರೆ, ನೀರು ಸೋರಿದರೆ, ತಲೆ ಸುತ್ತಿದರೆ, ಎದೆ ನೋವು ಬಂದರೆ, ಒಂದು ಮೀನಖಂಡ ಬಾತು ನೋವಾದರೆ, ಹೊಟ್ಟೆ ಮತ್ತೆ ಮತ್ತೆ ಬಿಗಿದು ನೋವು ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಬನ್ನಿ ಎಂದು ಅತ್ತೆಗೂ ಹೇಳಿದೆ. ಗಂಡನಿಗೆ ಫೋನ್ ಮಾಡಿ, ಮುರಿದ ಚಪ್ಪಡಿ ಮತ್ತು ಕೆಟ್ಟ ದೀಪದ ಫೋಟೊ ತೆಗೆದು ಪಾಲಿಕೆಗೆ ದೂರು ಕೊಡಲು ಕೇಳಿದೆ.

ಎರಡು ವಾರದ ಮೇಲೆ ಬಂದಾಗ, ಊಟವಾಗಿ ಎರಡು ಗಂಟೆಗೆ ಸಕ್ಕರೆ 114. 120ರ ಒಳಗಿದ್ದುದರಿಂದ ಔಷಧಿ ಬೇಡ, ಇದನ್ನೇ ಮುಂದುವರಿಸಿ ಎಂದರು ಡಾಕ್ಟರು. ಅನ್ನ ಕಡಿಮೆ ಮಾಡಿದ್ದೂ ಇದರಲ್ಲಿ ಸೇರಿದೆ, ಎಲ್ಲವೂ ನಡಿಗೆಯ ಫಲ ಎನ್ನಲಾರೆ. ಕುಬಸಕ್ಕೆ ಊರಿಗೆ ಹೋದಾಗ ಹೊಲದ ದಾರಿಯಲ್ಲಿ ನಡೆಯಬಹುದಾ ಎಂದು ಗಿರಿಜಾ ಕೇಳಿದರು. ತಂಪು ಹೊತ್ತಿನಲ್ಲಿ, ಸಮತಟ್ಟಾದ ಕಡೆ ನಡೆಯಿರಿ ಎಂದೆ. ಚಪ್ಪಡಿ ಹೊಸದು ಹಾಕಿದ್ದಾರಂತೆ. ತಿರುವಿನ ದೀಪ ಇನ್ನೂ ಹತ್ತಿಲ್ಲ, ಗಂಡ ಎರಡನೇ ಸಲ ದೂರು ಕೊಟ್ಟಿದ್ದಾರೆ.