ರಸ್ತೆ ಬದಿಯ ಮರ ಉಳಿಸಬೇಕಾ? ಮೊದಲು ಎಣಿಸಿ

ರಸ್ತೆ ಅಗಲ ಮಾಡಲು ಸಾಲು ಮರಗಳನ್ನು ಕಡಿಯುತ್ತಾರಂತೆ, ಬದಲಿಗೆ ಒಂದಕ್ಕೆ ಹತ್ತು ಸಸಿ ನೆಡುತ್ತಾರಂತೆ. ಹಾಗಿದ್ದಾಗ ವಿರೋಧಿಸಿ ಪ್ರಯೋಜನ ಇದೆಯಾ, ಇದ್ದರೆ ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ಪ್ರಯೋಜನ ಇದೆ. ನಾನು ಇಂಥ ಎರಡು ಹೋರಾಟಗಳಲ್ಲಿ ಇದ್ದೆ. ಮೊದಲನೆಯದರಲ್ಲಿ ಪೂರ್ತಿ ಸೋತೆವು. ಎರಡನೆಯದರಲ್ಲಿ ಮುಕ್ಕಾಲು ಪಾಲು ಮರ ಉಳಿದವು.

ಸೋತದ್ದು ತಡವಾಗಿ ಹೋಗಿದ್ದಕ್ಕೆ. ಗರಗಸದ ಸದ್ದು ಕೇಳಿದ ಮೇಲೆ ನಾವು ಫಲಕ ಹಿಡಿದು ಓಡಿದೆವು. ಆಕ್ಷೇಪಣೆ ಸಲ್ಲಿಸುವ ಅವಧಿ ತಿಂಗಳ ಹಿಂದೆಯೇ ಮುಗಿದಿತ್ತು. ಆ ಪ್ರಕಟಣೆಯನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಸಂಜೆ ಹಕ್ಕಿಗಳು ವಾಪಸ್ ಬಂದವು. ಕೂರಲು ಕೊಂಬೆ ಇಲ್ಲದೆ ಕರೆಂಟು ತಂತಿಯ ಮೇಲೆ ಸಾಲಾಗಿ ಕೂತವು. ಅದನ್ನು ಇವತ್ತಿಗೂ ಮರೆಯಲು ಆಗಿಲ್ಲ.

ಅದಕ್ಕೇ ನಿಮಗೆ ಮೊದಲು ಹೇಳುವುದು, ಎಣಿಸಿ. ನಾಲ್ಕು ಜನ ಸೇರಿ, ಒಂದು ಟೇಪು, ಒಂದು ನೋಟ್‌ಬುಕ್ ಹಿಡಿದು ರಸ್ತೆಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ಪ್ರತಿ ಮರಕ್ಕೂ ಒಂದು ಸಂಖ್ಯೆ ಕೊಡಿ. ಜಾತಿ ಯಾವುದು, ಎದೆ ಎತ್ತರದಲ್ಲಿ ಅಂದರೆ ನೆಲದಿಂದ ಸುಮಾರು 1.3 ಮೀಟರ್ ಮೇಲೆ ಕಾಂಡದ ಸುತ್ತಳತೆ ಎಷ್ಟು, ಗೂಡು ಇದೆಯಾ, ಪೊಟರೆ ಇದೆಯಾ, ರೋಗ ಬಂದಿದೆಯಾ ಎಂದು ಬರೆದುಕೊಳ್ಳಿ. ಹಿಂದೆ ಒಂದು ಕಟ್ಟಡವೋ ಕಂಬವೋ ಕಾಣುವ ಹಾಗೆ ಫೋಟೋ ತೆಗೆಯಿರಿ. ಗುರುತು ಹಾಕಲು ಮಾತ್ರ ಮರಕ್ಕೆ ಮೊಳೆ ಹೊಡೆಯಬೇಡಿ.

ಆಮೇಲೆ ಕಾಗದ ಕೇಳಿ. ಮರ ಕಡಿಯಲು ಕೊಟ್ಟ ಅನುಮತಿ, ಮರಗಳ ಪಟ್ಟಿ, ರಸ್ತೆಯ ನಕ್ಷೆ, ಆಕ್ಷೇಪಣೆಗೆ ಕೊನೆಯ ದಿನ, ಎಲ್ಲವನ್ನೂ ಬರಹದಲ್ಲಿ ಕೇಳಿ. ಅರ್ಜಿ ತಲುಪಿದ್ದಕ್ಕೆ ಸ್ವೀಕೃತಿ ಪಡೆಯಿರಿ. ನಮ್ಮ ಎರಡನೇ ಹೋರಾಟದಲ್ಲಿ ಅವರ ಪಟ್ಟಿಗೂ ನಮ್ಮ ಎಣಿಕೆಗೂ ತಾಳೆಯೇ ಆಗಲಿಲ್ಲ. ಪಟ್ಟಿಯಲ್ಲಿ ಇಲ್ಲದ ಮರಗಳಿಗೂ ಕಡಿಯುವ ಗುರುತು ಬಿದ್ದಿತ್ತು. ಇನ್ನೊಂದು ವಿಷಯ ನಕ್ಷೆಯಲ್ಲಿ ಗೊತ್ತಾಯಿತು. ಹೆಚ್ಚಿನ ಮರಗಳು ರಸ್ತೆಗೆ ಅಡ್ಡವೇ ಇರಲಿಲ್ಲ, ಹೊಸ ಚರಂಡಿಗೆ ಅಡ್ಡ ಇದ್ದವು. ಚರಂಡಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಸಾಕಿತ್ತು. ‘ಮರ ಉಳಿಸಿ’ ಎಂದು ಕೂಗಿದಾಗ ಯಾರೂ ತಿರುಗಿ ನೋಡಿರಲಿಲ್ಲ. ‘ಹದಿನೇಳನೇ ಮರವನ್ನು ಯಾವ ಕಾರಣಕ್ಕೆ ಕಡಿಯುತ್ತೀರಿ?’ ಎಂದು ಕೇಳಿದಾಗ ಎಂಜಿನಿಯರ್ ನಕ್ಷೆ ಬಿಚ್ಚಿ ಕೂತರು.

ಇದು ನಾವು ಕಂಡುಹಿಡಿದ ದಾರಿಯಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಲ್ಕಣಿಯ ಜನ ಕಾಡಿಗೆ ನಡೆದು, ಕಡಿತ ತಡೆಯಲು ಮರಗಳನ್ನು ಅಪ್ಪಿಕೊಂಡರು. ಆ ದೃಶ್ಯ ಎಲ್ಲರಿಗೂ ನೆನಪಿದೆ. ಅದರ ಹಿಂದಿನ ಕೆಲಸ ನೆನಪಿರುವುದು ಕಡಿಮೆ. ಒಂದು ಮರ ಬೀಳಿಸುವಾಗ ಸುತ್ತಲಿನ ಮರಗಳೂ ಹಾಳಾಗುತ್ತಿದ್ದವು. ಅದನ್ನು ಊರವರು ಅಧಿಕಾರಿಗಳಿಗೆ ಕಾಡಿನಲ್ಲೇ ತೋರಿಸಿಕೊಟ್ಟರು. ‘ಉಳಿಸು, ಬೆಳೆಸು, ಬಳಸು’ ಎಂಬ ಅಪ್ಪಿಕೋ ಚಳವಳಿಯ ಮೂರು ಮಾತುಗಳ ಕ್ರಮ ನೋಡಿ. ಉಳಿಸುವುದು ಮೊದಲು ಬರುತ್ತದೆ.

ಇಂಗ್ಲೆಂಡಿನ ಶೆಫೀಲ್ಡ್ ನಗರದ ಕಥೆಯೂ ಗೊತ್ತಿರಲಿ. ಅಲ್ಲಿ ರಸ್ತೆ ದುರಸ್ತಿಯ ದೊಡ್ಡ ಗುತ್ತಿಗೆಯಲ್ಲಿ 5,000ಕ್ಕೂ ಹೆಚ್ಚು ಬೀದಿ ಮರಗಳು ಹೋದವು. 2016ರ ನವೆಂಬರ್‌ನಲ್ಲಿ ಒಂದು ದಿನ ಬೆಳಕು ಹರಿಯುವ ಮೊದಲೇ ಜನರನ್ನು ಎಬ್ಬಿಸಿ ಮರ ಕಡಿದರು. ಅಲ್ಲಿನವರು ಕೈಬಿಡಲಿಲ್ಲ. ಬೇರು ಉಬ್ಬಿದ ಕಡೆ ಅಂಚಿನ ಕಲ್ಲನ್ನು ತೆಳ್ಳಗೆ ಮಾಡಬಹುದು, ಬಾಗುವಂಥ ನೆಲಹಾಸು ಹಾಕಬಹುದು ಎಂದು ಒಂದೊಂದೇ ಮರಕ್ಕೆ ಪರಿಹಾರ ಮುಂದಿಟ್ಟರು. 2018ರಲ್ಲಿ ಕಡಿತ ನಿಂತಿತು. ಸ್ವತಂತ್ರ ವಿಚಾರಣೆಯ ವರದಿ 2023ರಲ್ಲಿ ಬಂತು, ಅದೇ ವರ್ಷ ನಗರ ಆಡಳಿತ ಜನರ ಕ್ಷಮೆ ಕೇಳಿತು. ಆದರೆ ಹೋದ ಮರ ಹೋದವು, ಅಲ್ವಾ?

ಈಗ ‘ಒಂದಕ್ಕೆ ಹತ್ತು’ ವಿಷಯ. ನಿಮ್ಮನ್ನು ಸುಮ್ಮನಾಗಿಸುವ ಮಾತು ಇದೇ, ಹಾಗಾಗಿ ಇದಕ್ಕೆ ಉತ್ತರ ಸಿದ್ಧ ಇರಲಿ. ಹೆಬ್ಬೆರಳು ಗಾತ್ರದ ಹತ್ತು ಸಸಿಗಳ ಎಲೆಗಳೆಲ್ಲ ಸೇರಿದರೂ ದೊಡ್ಡ ಮರದ ಒಂದು ಕೊಂಬೆಯ ಎಲೆಗೆ ಸಮ ಆಗುವುದಿಲ್ಲ. ನೆರಳು, ತಂಪು, ಮಳೆನೀರು ತಡೆಯುವುದು, ಧೂಳು ಹಿಡಿಯುವುದು, ಎಲ್ಲವೂ ಆ ಎಲೆಗಳ ಕೆಲಸ. ಗೂಬೆ, ಗಿಳಿ, ಕೆಲವು ಬಗೆಯ ಬಾವಲಿಗಳಿಗೆ ಪೊಟರೆ ಬೇಕು. ಎಳೆ ಮರದಲ್ಲಿ ಪೊಟರೆ ಎಲ್ಲಿಂದ ಬರಬೇಕು? ಅದಕ್ಕೆ ಹತ್ತಾರು ವರ್ಷ ಹಿಡಿಯುತ್ತದೆ. ಜೊತೆಗೆ, ಬದಲಿ ಸಸಿಗಳನ್ನು ಹೆಚ್ಚಾಗಿ ನೆಡುವುದು ದೂರದ ಇನ್ಯಾವುದೋ ಜಾಗದಲ್ಲಿ. ನಿಮ್ಮ ರಸ್ತೆಯಲ್ಲಿ ನಡೆಯುವವರಿಗೆ ಆ ನೆರಳು ಸಿಗುವುದಿಲ್ಲ. ಕಾಡಿನ ಲೆಕ್ಕ ಇನ್ನೂ ಬೇರೆ. ಇಂಗ್ಲೆಂಡಿನಲ್ಲಿ 1600ನೇ ಇಸವಿಯಿಂದ ಬಿಡದೆ ಕಾಡಾಗಿಯೇ ಇರುವ ಜಾಗವನ್ನು ಪುರಾತನ ಕಾಡು ಎಂದು ಗುರುತಿಸುತ್ತಾರೆ. ಅದನ್ನು ಮತ್ತೆ ಸೃಷ್ಟಿಸಲು ಆಗದು ಎಂದು ಅಲ್ಲಿನ ಯೋಜನಾ ನೀತಿಯೇ ಒಪ್ಪುತ್ತದೆ. ಅಲ್ಲಿನ ಮಣ್ಣು, ಶಿಲೀಂಧ್ರ, ನೆಲದ ಗಿಡಗಳನ್ನು ಯಾವ ನರ್ಸರಿಯಿಂದಲೂ ತರಲಾಗದು.

ಹಾಗಂತ ನಾನು ಗಿಡ ನೆಡುವುದಕ್ಕೆ ವಿರೋಧಿಯಲ್ಲ. ಎಲ್ಲಿ ನೆಡುತ್ತೀರಿ, ಮೂರು ಬೇಸಿಗೆ ನೀರು ಹಾಕುವವರು ಯಾರು, ಬದುಕಿದ್ದೆಷ್ಟು ಎಂದು ಎಣಿಸುವವರು ಯಾರು ಎಂದು ಕೇಳಿ ಅಷ್ಟೇ. 1977ರಲ್ಲಿ ಕೀನ್ಯಾದಲ್ಲಿ ಗ್ರೀನ್ ಬೆಲ್ಟ್ ಚಳವಳಿ ಶುರು ಮಾಡಿದ ವಂಗಾರಿ ಮಾಥಾಯ್ ಇದನ್ನು ಚೆನ್ನಾಗಿ ಅರಿತಿದ್ದರು. ಬದುಕಿ ಉಳಿದ ಸಸಿಗೆ ಮಾತ್ರ ಹೆಂಗಸರಿಗೆ ಸಣ್ಣ ಹಣ ಸಿಗುತ್ತಿತ್ತು. ಕೋಟಿಗಟ್ಟಲೆ ಮರ ಬೆಳೆದದ್ದು ಹೀಗೆ. ನೈರೋಬಿಯ ಉಹುರು ಉದ್ಯಾನದಲ್ಲಿ ಗೋಪುರ ಕಟ್ಟಲು ಹೊರಟಾಗ, 1989ರಲ್ಲಿ, ಅಧಿಕಾರದಲ್ಲಿದ್ದವರ ಎದುರು ನಿಂತವರೂ ಅವರೇ. ಆ ಗೋಪುರ ಏಳಲೇ ಇಲ್ಲ.

ಕಾಡು ಹೆಚ್ಚಿಸಲು ಎಲ್ಲ ಕಡೆ ನೆಡಲೇಬೇಕು ಎಂದೂ ಇಲ್ಲ. ಹಳೆಯ ಕಾಡಿನ ಅಂಚಿನಲ್ಲಿ ಬೇಲಿ ಹಾಕಿ, ದನಕರು ಮೇಯದಂತೆ, ಬೆಂಕಿ ಬೀಳದಂತೆ ನೋಡಿಕೊಂಡರೆ ಎಷ್ಟೋ ಕಡೆ ಹಕ್ಕಿ ಮತ್ತು ಗಾಳಿ ತಂದ ಬೀಜದಿಂದಲೇ ಮರ ಏಳುತ್ತವೆ. ಸಹಜ ಹುಲ್ಲುಗಾವಲಿನಲ್ಲಂತೂ ದಯವಿಟ್ಟು ಗಿಡ ನೆಡಬೇಡಿ. ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳಲ್ಲಿ ಶೋಲಾ ಎಂಬ ಕಾಡುಗಳ ನಡುವೆ ಇರುವ ಹುಲ್ಲುಗಾವಲುಗಳಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟು ಆದ ಹಾನಿಯನ್ನು ಇನ್ನೂ ಸರಿಪಡಿಸಲು ಆಗಿಲ್ಲ.

ಇನ್ನು ಒಂದೆರಡು ಮಾತು. ನಿಜವಾಗಿ ಟೊಳ್ಳಾಗಿ ಬೀಳುವ ಹಂತದಲ್ಲಿರುವ ಮರಕ್ಕೆ ಹಟ ಮಾಡಬೇಡಿ. ತಿಳಿದವರೊಬ್ಬರಿಂದ ಪರೀಕ್ಷೆ ಮಾಡಿಸಿ. ಕೊಂಬೆ ಸವರಿದರೆ ಸಾಕಾಗುತ್ತದಾ ಎಂದು ಕೇಳಿ, ಆಗದು ಎಂದಾದರೆ ಒಪ್ಪಿಕೊಳ್ಳಿ. ಆಗ ಉಳಿದ ಮರಗಳ ಬಗ್ಗೆ ನೀವು ಹೇಳುವುದಕ್ಕೆ ತೂಕ ಬರುತ್ತದೆ. ಗರಗಸ ಹಿಡಿದ ಕೆಲಸಗಾರರ ಮೇಲೆ ರೇಗಬೇಡಿ, ಅವರು ದಿನಗೂಲಿಗೆ ಬಂದವರು. ಅನುಮತಿ ಪತ್ರ ತೋರಿಸಿ ಎಂದು ಮೇಸ್ತ್ರಿಯನ್ನು ಕೇಳಿ, ನಿಮ್ಮ ಪಟ್ಟಿಯ ಜೊತೆ ತಾಳೆ ನೋಡಿ, ವಿಡಿಯೋ ಮಾಡಿ. ಕೋರ್ಟಿಗೆ ಹೋಗುವ ಸಂದರ್ಭ ಬಂದರೆ ಇವೇ ಕಾಗದಗಳು ಬೇಕಾಗುತ್ತವೆ.

ಈ ವಾರವೇ ಎಣಿಕೆ ಮುಗಿಸಿ. ಯಾವ ಮರದ ಹೆಸರು ಗೊತ್ತಾಗುವುದಿಲ್ಲವೋ ಅದರ ಎಲೆ, ತೊಗಟೆ, ಕಾಯಿಯ ಫೋಟೋ ಇಲ್ಲೇ ಹಾಕಿ. ಗುರುತಿಸಲು ನಾನು ಸಹಾಯ ಮಾಡುತ್ತೇನೆ.